ಅಡ್ವೆಂಚರ್ ಗಾಡಿಗೆ ಹೊಸಾ ಹ್ಯಾಂಡಲ್ ತಗೊಳ್ಳಾಕ ಹೊಂಟೀರೇನು? ಮೊದಲ ಕೇಬಲ್ ನೋಡ್ರಿ

ಹೋದ ಮಳಿಗಾಲದಾಗ ಕಪ್ಪತಗುಡ್ಡಕ್ಕ ಹೋಗಿ ಡಂಬಳದ ಕಡಿಂದ ವಾಪಸ್ ಬರಾಕತ್ತಿದ್ದೆ, ಎರಿ ಹೊಲದ ದಾರ್ಯಾಗ ಗಾಡಿ ಕೆಡವಿದೆ. ತೊಯ್ದ ಎರಿಮಣ್ಣು ಹೆಂಗಂತ ನಮ್ಮ ಕಡಿ ಮಂದಿಗೆ ಹೇಳೂದ ಬ್ಯಾಡ, ಮಡ್‌ಗಾರ್ಡ್‌ನ್ಯಾಗ ತುಂಬ್ಕೊಂಡ್ರ ಗಾಲಿ ತಿರಗೂದಿಲ್ಲ. ನನಗೇನೂ ಆಗ್ಲಿಲ್ಲ, ಹ್ಯಾಂಡಲ್ ಸೊಟ್ಟ ಆತು. ಆಮ್ಯಾಲೆ ಆನ್‌ಲೈನ್‌ನ್ಯಾಗ ಫೋಟೋ ಛಂದ ಕಾಣ್ತು ಅಂತ ಎತ್ತರದ್ದೊಂದು ತರಿಸಿ ಹಾಕಿದೆ, ಹುಬ್ಬಳ್ಳಿ ದುರ್ಗದಬೈಲ್ ಸಂದ್ಯಾಗ ಫುಲ್ ತಿರುಗಿಸಿದ್ರ ನಾ ಆಕ್ಸಿಲರೇಟರ್ ಮುಟ್ಟದನ ಎಂಜಿನ್ ರೇಸ್ ಆಗಾಕತ್ತು! ಕೇಬಲ್ ಗಿಡ್ಡ ಬಿದ್ದು ಜಗ್ಗತಿತ್ತು. ಆ ಹ್ಯಾಂಡಲ್ ಈಗ ಅಟ್ಟದ ಮ್ಯಾಲೈತಿ.

ಅದಕ್ಕ, ಎತ್ತರ ಎಷ್ಟ ಬೇಕು ಅನ್ನೂದು ನಿಮ್ಮ ಮೈ ಹೇಳ್ಬೇಕು, ಎಷ್ಟ ಆಗ್ತೈತಿ ಅನ್ನೂದು ಕೇಬಲ್ ಹೇಳ್ತೈತಿ. ಗೆಳ್ಯಾಗ ಗಾಡಿ ಹಿಡ್ಯಾಕ ಹೇಳಿ ಬೂಟ್ ಹಾಕ್ಕೊಂಡು ಫುಟ್‌ರೆಸ್ಟ್ ಮ್ಯಾಲ ನಿಂದ್ರಿ, ಮೊಳಕಾಲು ಸ್ವಲ್ಪ ಮಡಚಿ, ಕಣ್ಣ ಮುಚ್ಚಿ ಕೈ ಮುಂದ ಚಾಚ್ರಿ. ಕೈ ಬಂದ ಜಾಗಾಕ್ಕೂ ಈಗಿನ ಗ್ರಿಪ್ಪಿಗೂ ಎಷ್ಟ ಅಂತರ ಐತಿ ಟೇಪ್ ಹಿಡದ ನೋಡ್ರಿ. ಈಗಿನ ಗ್ರಿಪ್ ಹಿಡ್ಯಾಕ ಬೆನ್ನು ಬಗ್ಗತಿದ್ರ ಎತ್ತರ ಬೇಕು ಅಂತ. ಆಮ್ಯಾಲೆ ಹ್ಯಾಂಡಲ್ ಹಿಡ್ಕೊಂಡಿರೂ ಕ್ಲಾಂಪ್ ಬಿಚ್ಚಿ, ಇದ್ದ ಹ್ಯಾಂಡಲ್ಲನ್ನ ಅಷ್ಟ ಎತ್ತರಕ್ಕ ಎತ್ತಿ ಹಿಡ್ಕೊಂಡು ಮುಂದಿನ ಗಾಲಿ ಆ ತುದಿಯಿಂದ ಈ ತುದಿ ತನಕ ತಿರುಗಸ್ರಿ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಪೈಪ್, ವೈರಿಂಗ್, ಇವ್ರಾಗ ಒಂದ ಬಿಗಿ ಆದ್ರೂ ಅಷ್ಟ ಎತ್ತರ ಬ್ಯಾಡ, ಇಲ್ಲಾಂದ್ರ ಉದ್ದನ ಕೇಬಲ್ಲಿನ ರೊಕ್ಕಾನೂ ಲೆಕ್ಕಾ ಹಾಕ್ರಿ. ಇದ್ದ ಹ್ಯಾಂಡಲ್ಲನ್ನ ಎತ್ತರ ಮಾಡಾಕ ಕೆಳಗ ರೈಸರ್ ಅನ್ನೂ ತುಂಡು ಹಾಕೋರಿಗೂ ಇದ ಪರೀಕ್ಷೆ. ಬರೇ ಒಂದ ಹತ್ತು ಮಿಲಿಮೀಟರ್ ಬೇಕಾಗಿದ್ರ ಹೊಸದ್ಯಾಕ್ರಿ, ಇದ್ದದ್ದನ್ನ ಕ್ಲಾಂಪಿನ್ಯಾಗ ಸ್ವಲ್ಪ ತಿರುಗಿಸಿ ನಾಕ ದಿನ ಓಡಸ್ರಿ.

ಈಗ ದಪ್ಪ. ಕ್ಲಾಂಪ್ ಕೂಡೂ ನಡುಭಾಗ ಭಾಳ ಮಾಡಿ 22.2 ಮಿಲಿಮೀಟರ್ ಇರ್ತೈತಿ, ಇಲ್ಲಾ 28.6. ಎರಡನೇದಕ್ಕ ಫ್ಯಾಟ್ ಬಾರ್ ಅಂತಾರ (ಬಾರ್ ಅಂದ್ರ ಹ್ಯಾಂಡಲ್ಲ), ನಡುವ ದಪ್ಪ ಇದ್ದು ತುದಿಗೆ ಮತ್ತ 22.2 ಆಗ್ತೈತಿ, ಹಿಂಗಾಗಿ ಹಳೇ ಲಿವರ್, ಗ್ರಿಪ್ ಅವ ಕೂಡ್ತಾವ, ಕ್ಲಾಂಪ್ ಮಾತ್ರ ಬ್ಯಾರೆ ಬೇಕು. ಅಂಗಡ್ಯಾವ್ರು "ಎಲ್ಲಾ ಗಾಡಿಗೂ ಕೂಡ್ತೈತ್ರಿ" ಅಂತಾರ, ನಂಬಬ್ಯಾಡ್ರಿ. ಮನ್ಯಾಗ ದಪ್ಪ ಅಳಿಯೂ ವರ್ನಿಯರ್ ಇಲ್ಲಂದ್ರ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಯಾವುದರ ಲೇತ್ ಅಂಗಡ್ಯಾಗ ಕೇಳ್ರಿ, ಒಂದ ನಿಮಿಷದ ಕೆಲಸ.

ಕಬ್ಬಿಣದ್ದು ಸಸ್ತಾ, ಬಿದ್ರ ಬಗ್ಗತೈತಿ, ದಾರ್ಯಾಗ ಒದ್ದು ಜಗ್ಗಿ ಮನಿ ತನಕ ಬರಬಹುದು. 7075 ಗ್ರೇಡಿನಂಥ ಚಲೋ ಅಲ್ಯೂಮಿನಿಯಂ ಹಗರ, ಸಲೀಸ ಬಗ್ಗೂದಿಲ್ಲ, ಆದ್ರ ಒಮ್ಮೆ ಬಗ್ಗಿದ್ರ ಸೀದಾ ಮಾಡಾಕ ಹೋಗಬ್ಯಾಡ್ರಿ, ಒಳಗ ಬಿರುಕ ಬಿಟ್ಟಿರಬಹುದು, ತಗದ ಒಗೀರಿ. ಡಾಂಬರ್ ಮ್ಯಾಲ ದಾಂಡೇಲಿ ತನಕ ಹೋಗಿ ಬರೋರಿಗೆ ಕಬ್ಬಿಣದ್ದ ಸಾಕು ಅಂತೀನಿ ನಾ.

ಅಗಲ ಸುಮಾರು 800 ಮಿಲಿಮೀಟರ್ ಇದ್ರ ಮಣ್ಣಿನ್ಯಾಗ ಹಿಡಿತ ಚಲೋ ಸಿಗ್ತೈತಿ, ಆದ್ರ ಹುಬ್ಬಳ್ಳಿ ಟ್ರಾಫಿಕ್ಕಿನ್ಯಾಗ ಆಟೋದ ಸಂದ್ಯಾಗ ತೂರ್ಸೂದು ನೆನಪಿರ್ಲಿ. ಅಗಲ ಇದ್ದದ್ದು ತಂದು ತುದಿ ಕೊರಸಬಹುದು, ಎರಡೂ ಕಡೆ 10 ಮಿಲಿಮೀಟರ್ ಕೊರಸಿ ಓಡಿಸಿ ನೋಡ್ರಿ, ಒಮ್ಮೆಲೆ ಕೊರದ್ರ ಹಚ್ಚಾಕ ಬರೂದಿಲ್ಲ. ಹಿಂದಕ್ಕ ಭಾಳ ಬಾಗಿದ್ದು ಕುಂತಾಗ ಆರಾಮ, ನಿಂತಾಗ ಮಣಿಕಟ್ಟು ನೋಯ್ತಾವ. ತುದಿಯ ಸೀದಾ ಭಾಗದಾಗ ಗ್ರಿಪ್, ಸ್ವಿಚ್, ಲಿವರ್, ಹ್ಯಾಂಡ್‌ಗಾರ್ಡ್ ಎಲ್ಲಾ ಹಿಡೀತಾವೇನು ಅನ್ನೂದನ್ನೂ ಅಳೀರಿ. ಅಲ್ಯೂಮಿನಿಯಂ ಬಾರಿನ ಗ್ವಾಡಿ ದಪ್ಪ, ತೂತು ಸಣ್ಣದು, ತುದಿಗೆ ಹಾಕೂ ಹಳೇ ಬಾರ್ ಎಂಡ್ ವೇಟ್ (ತೂಕದ ತುಂಡು) ಭಾಳ ಸಲ ಒಳಗ ಹೋಗೂದಿಲ್ಲ.

ಹಾಕೂ ಮುಂದ ಬ್ರೇಕ್ ಮಾಸ್ಟರ್ ಸಿಲಿಂಡರ್ (ಬ್ರೇಕ್ ಲಿವರ್ ಹತ್ರದ ಆಯಿಲ್ ಡಬ್ಬಿ ಇರೂ ಭಾಗ) ಉಲ್ಟಾ ಜೋತುಬಿಡಬ್ಯಾಡ್ರಿ, ಗಾಳಿ ಹೊಕ್ಕೊಂಡ್ರ ಬ್ರೇಕ್ ಮೆತ್ತಗ ಆಗ್ತೈತಿ, ಮತ್ತ ಟ್ಯಾಂಕ್ ಮ್ಯಾಲ ಹಳೇ ಟಾವೆಲ್ ಹಾಸ್ರಿ, ಬ್ರೇಕ್ ಆಯಿಲ್ ಬಿದ್ರ ಪೇಂಟ್ ಹೋತು. ಸ್ವಿಚ್ಚಿನ ಒಳಗ ಸಣ್ಣ ಮೊಳಿ ಥರಾ ಇರ್ತೈತಿ, ಅದಕ್ಕ ಬಾರಿನ್ಯಾಗ ತೂತು ಬೇಕು. ಎಲ್ಲಾ ಕೂಡ್ಸಿ, ಕುಂತು ನಿಂತು ನೋಡಿ, ಗುರ್ತು ಹಾಕಿದ ಮ್ಯಾಲ ಡ್ರಿಲ್ ಹಚ್ರಿ, ಬಾರ್ ಕಂಪನ್ಯಾವ್ರು ತೂತು ಹಾಕಬ್ಯಾಡ್ರಿ ಅಂದಿದ್ರ ಹಾಕಬ್ಯಾಡ್ರಿ. ಕ್ಲಾಂಪ್ ಬೋಲ್ಟ್ ಮ್ಯಾನ್ಯುಯಲ್‌ನ್ಯಾಗ ಹೇಳಿದ ಟಾರ್ಕಿನಷ್ಟ (ಬಿಗಿಯೂ ಬಲದಷ್ಟ) ಬಿಗೀರಿ.

ಕಡೀಕ ಗಾಡಿ ಚಾಲೂ ಮಾಡಿ ಐಡಲ್‌ನ್ಯಾಗ ಬಿಟ್ಟು ಎಡಕ್ಕ ಬಲಕ್ಕ ಪೂರ್ತಿ ತಿರುಗಸ್ರಿ. ಎಂಜಿನ್ ಸಪ್ಪಳ ಏನರ ಬದಲಾತು ಅಂದ್ರ ಗೇಟ್ ದಾಟಬ್ಯಾಡ್ರಿ. ಬದಲಾಗ್ಲಿಲ್ಲಂದ್ರ ಧಾರವಾಡದ ಹತ್ರ ನುಗ್ಗಿಕೇರಿ ತನಕ ಹೋಗಿ ಬಂದು ಬೋಲ್ಟ್ ಮತ್ತೊಮ್ಮೆ ನೋಡ್ರಿ.