ಕಣ್ಣು ವ್ಯೂಫೈಂಡರ್‌ನಲ್ಲೇ ಇರಲಿ: ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾದ ಡಯಲ್, ಬಟನ್‌ಗಳನ್ನು ಕಲಿಯುವ ಬಗೆ

ಹೊಸ ಕ್ಯಾಮೆರಾ ಕೈಗೆ ಬಂದ ಕೂಡಲೇ ಬಹಳ ಮಂದಿ ಮೆನು ತೆರೆದು ಕೂರುತ್ತಾರೆ. ಅದರೊಳಗೆ ನೂರಾರು ಆಯ್ಕೆಗಳಿವೆ, ಮೊದಲ ವಾರಕ್ಕೆ ಬೇಕಾದದ್ದು ಐದಾರು ಮಾತ್ರ. ಕಲಿಯಬೇಕಾದದ್ದು ಬೆರಳುಗಳು. ಮುಂದಿನ ಡಯಲ್, ಹಿಂದಿನ ಡಯಲ್, ಷಟರ್ ಬಟನ್, ಫೋಕಸ್ ಜಾಯ್‌ಸ್ಟಿಕ್ ಈ ನಾಲ್ಕೂ ಎಲ್ಲಿವೆ ಎಂಬುದು ನೋಡದೆಯೇ ಕೈಗೆ ಗೊತ್ತಾಗಬೇಕು. ಕಣ್ಣು ತೆಗೆದು ಬಟನ್ ಹುಡುಕುವಷ್ಟರಲ್ಲಿ ಎದುರಿಗಿದ್ದವರ ಮುಖದ ಮೇಲಿನ ನಗು ಮಾಸಿರುತ್ತದೆ.

ಮೊದಲು ಒಂದೇ ಸಲ ಮಾಡಿ ಮುಗಿಸುವ ಕೆಲಸಗಳು

ವ್ಯೂಫೈಂಡರ್ ಪಕ್ಕದಲ್ಲಿ ಒಂದು ಪುಟ್ಟ ಚಕ್ರವಿದೆ, ಅದು ನಿಮ್ಮ ದೃಷ್ಟಿಗೆ ವ್ಯೂಫೈಂಡರ್ ಹೊಂದಿಸುವ ಡಯಾಪ್ಟರ್. ಅದನ್ನು ತಿರುಗಿಸುವಾಗ ದೃಶ್ಯವನ್ನು ನೋಡಬೇಡಿ, ಕೆಳಗಿನ ಸಾಲಿನಲ್ಲಿ ಕಾಣುವ ಅಂಕಿಗಳನ್ನು ನೋಡಿ. ದೃಶ್ಯದ ಸ್ಪಷ್ಟತೆ ಲೆನ್ಸ್‌ನ ಫೋಕಸ್ ಮೇಲೆ ನಿಂತಿದೆ; ಅಂಕಿಗಳು ಮಸುಕಾಗಿದ್ದರೆ ತಪ್ಪು ಡಯಾಪ್ಟರ್‌ನದೇ. ಬ್ಯಾಗಿನಲ್ಲಿ ಉಜ್ಜಿ ಈ ಚಕ್ರ ತಾನಾಗಿ ತಿರುಗುವುದೂ ಉಂಟು.

ಕಾರ್ಡನ್ನು ಕಂಪ್ಯೂಟರ್‌ನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕಾರ್ಡ್ ಇಲ್ಲದಿದ್ದರೂ ಷಟರ್ ಒತ್ತಲು ಬಿಡುವ ಆಯ್ಕೆಯನ್ನು ಆಫ್ ಮಾಡಿ. ಫೈಲ್ ರಾ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಡುವ ಬಗೆ) ಮತ್ತು ಜೆಪೆಗ್ ಎರಡೂ ಇರಲಿ. ಕ್ರಾಪ್ ಮೋಡ್ ಕಡೆಗೊಮ್ಮೆ ನೋಡಿ: 36×24 ಮಿ.ಮೀ.ನ ಫುಲ್‌ಫ್ರೇಮ್ ಸೆನ್ಸರ್ ಇದ್ದೂ ಇದು ಗೊತ್ತಿಲ್ಲದೆ ಆನ್ ಆಗಿದ್ದರೆ ಸೆನ್ಸರ್‌ನ ನಡುಭಾಗ ಮಾತ್ರ ಬಳಕೆಯಾಗುತ್ತದೆ, 24 ಮೆಗಾಪಿಕ್ಸೆಲ್ ಸುಮಾರು 10ಕ್ಕೆ ಇಳಿಯುತ್ತದೆ. ಸಣ್ಣ ಸೆನ್ಸರ್‌ಗೆ ಮಾಡಿದ ಲೆನ್ಸ್ ಹಾಕಿದಾಗಲಂತೂ ಕ್ಯಾಮೆರಾ ಹೇಳದೆ ಕೇಳದೆ ಈ ಮೋಡ್‌ಗೆ ಹೋಗಬಹುದು. ಕೊನೆಯದು, ಪಟ ಹೇಗೆ ಬರುತ್ತದೋ ಅದೇ ಬೆಳಕನ್ನು ವ್ಯೂಫೈಂಡರ್‌ನಲ್ಲಿ ತೋರಿಸುವ ಆಯ್ಕೆ. ಮಿರರ್‌ಲೆಸ್‌ನ ದೊಡ್ಡ ಅನುಕೂಲ ಇದೇ, ಆನ್ ಇರಲಿ. ಸ್ಟುಡಿಯೋ ಫ್ಲ್ಯಾಶ್ ಬಳಸುವಾಗ ಮಾತ್ರ ಆಫ್ ಮಾಡಬೇಕು, ಇಲ್ಲದಿದ್ದರೆ ವ್ಯೂಫೈಂಡರ್ ಪೂರ್ತಿ ಕತ್ತಲಾಗುತ್ತದೆ.

ಇಷ್ಟಾದ ಮೇಲೆ ಮೆನು ಮುಚ್ಚಿ.

ಮೂರು ಕ್ಲಿಕ್ಕಿನ ಲೆಕ್ಕ

ಮೋಡ್ ಡಯಲ್ ಅನ್ನು ಅಪರ್ಚರ್ ಪ್ರಯಾರಿಟಿಗೆ ಇಡಿ. ಅಪರ್ಚರ್ ಎಂದರೆ ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ; ಈ ಮೋಡ್‌ನಲ್ಲಿ ಅದನ್ನು ನೀವು ಆರಿಸುತ್ತೀರಿ, ಷಟರ್ ಸ್ಪೀಡನ್ನು ಕ್ಯಾಮೆರಾ ಆರಿಸುತ್ತದೆ. ಸೋನಿ, ನಿಕಾನ್‌ನಲ್ಲಿ ಈ ಮೋಡ್‌ನ ಗುರುತು ಎ, ಕ್ಯಾನನ್‌ನಲ್ಲಿ ಎವಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋ ಇರಲಿ. ಈಗ ನಿಮ್ಮ ಕೈಯಲ್ಲಿರುವುದು ಒಂದೇ ಡಯಲ್, ಅದು ಅಪರ್ಚರ್‌ನದು.

ಎಡಗೈ ಅಂಗೈಯನ್ನು ಲೆನ್ಸ್ ಕೆಳಗಿಟ್ಟು ಭಾರವನ್ನೆಲ್ಲ ಅದರ ಮೇಲೆ ಬಿಡಿ, ಮೊಣಕೈ ಪಕ್ಕೆಗೆ ತಾಗಿರಲಿ. ಬಲಗೈ ಕ್ಯಾಮೆರಾವನ್ನು ಹೊರಬಾರದು. ಹೊತ್ತರೆ ಬೆರಳು ಬಿಗಿಯುತ್ತದೆ, ಡಯಲ್ ಸಲೀಸಾಗಿ ತಿರುಗುವುದಿಲ್ಲ. ಈಗ ಎಫ್ 4ರಿಂದ ಒಂದೊಂದೇ ಕ್ಲಿಕ್ ಮುಂದೆ ಹೋಗಿ: 4.5, 5, 5.6. ಮೂರು ಕ್ಲಿಕ್ ಆಯಿತು, ಒಳಬರುವ ಬೆಳಕು ಅರ್ಧವಾಯಿತು. ಇದನ್ನೇ ಒಂದು ಸ್ಟಾಪ್ ಎನ್ನುವುದು. ಇನ್ನು ಮೂರು ಕ್ಲಿಕ್ ತಿರುಗಿಸಿ: 6.3, 7.1, 8. ಮತ್ತೆ ಅರ್ಧ. ಷಟರ್ ಸ್ಪೀಡ್‌ನಲ್ಲೂ ಹೀಗೆಯೇ, 1/125 ಸೆಕೆಂಡಿನಿಂದ 1/160, 1/200, 1/250. ಐಎಸ್‌ಒದಲ್ಲೂ 100ರಿಂದ 125, 160, 200, ಆದರೆ ಇಲ್ಲಿ ಪಟದ ಹೊಳಪು ದುಪ್ಪಟ್ಟಾಗುತ್ತದೆ. ಕ್ಯಾಮೆರಾ ಮೂರನೇ ಒಂದು ಸ್ಟಾಪ್ ಹೆಜ್ಜೆಯಲ್ಲಿ ಇರುವಷ್ಟು ದಿನವೂ ಈ ಲೆಕ್ಕ ತಪ್ಪುವುದಿಲ್ಲ. ಅಂಕಿಗಳನ್ನು ಬಾಯಿಪಾಠ ಮಾಡುವ ಬದಲು ಬೆರಳಿಗೆ ಎಣಿಸಲು ಕಲಿಸಿ. ಕಣ್ಣು ಮುಚ್ಚಿ ಆರು ಕ್ಲಿಕ್ ತಿರುಗಿಸಿ, ಆಮೇಲೆ ತೆರೆದು ನೋಡಿ. ದಿನಕ್ಕೆ ಹತ್ತು ನಿಮಿಷ ಹೀಗೆ ಮಾಡಿದರೆ ಒಂದು ವಾರದಲ್ಲಿ ಕೈ ಪಳಗುತ್ತದೆ.

ಮುಂದಿನದು ಎಕ್ಸ್‌ಪೋಶರ್ ಕಾಂಪೆನ್ಸೇಷನ್, ಅಂದರೆ ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನೀವು ಏರಿಸುವುದು ಅಥವಾ ಇಳಿಸುವುದು. ಕೆಲವು ಕ್ಯಾಮೆರಾಗಳಲ್ಲಿ ಅದಕ್ಕೇ ಒಂದು ಡಯಲ್ ಇರುತ್ತದೆ, ಉಳಿದವುಗಳಲ್ಲಿ +/− ಗುರುತಿನ ಬಟನ್ ಒತ್ತಿ ಡಯಲ್ ತಿರುಗಿಸಬೇಕು. ಒಂದು ಬಿಳಿ ಬಟ್ಟೆಯನ್ನು ಫ್ರೇಮ್ ತುಂಬಿಸಿ ತೆಗೆಯಿರಿ, ಬೂದಿ ಬಣ್ಣಕ್ಕೆ ಬರುತ್ತದೆ. ಕಪ್ಪು ಬಟ್ಟೆ ತೆಗೆಯಿರಿ, ಅದೂ ಬೂದಿಯೇ! ಎದುರಿಗಿರುವುದು ನಡುಮಟ್ಟದ ಹೊಳಪಿನದು ಎಂದುಕೊಂಡೇ ಕ್ಯಾಮೆರಾ ಬೆಳಕನ್ನು ಅಳೆಯುತ್ತದೆ. ಬಿಳಿಗೆ +1ರಿಂದ ಶುರು ಮಾಡಿ, ಹಿಸ್ಟೋಗ್ರಾಂನ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಂದು ಪಟದ ಹೊಳಪನ್ನು ತೋರಿಸುವ ನಕ್ಷೆ) ಗುಡ್ಡ ಬಲಗೋಡೆಯ ಹತ್ತಿರ ಬರುವವರೆಗೆ ಒಂದೊಂದೇ ಕ್ಲಿಕ್ ಏರಿಸಿ. ಗೋಡೆಗೆ ಒರಗಿದರೆ ಬಟ್ಟೆಯ ನೇಯ್ಗೆ ಅಳಿಸಿಹೋಗುತ್ತದೆ, ರಾ ಫೈಲ್‌ನಲ್ಲೂ ಅದು ಸಾಮಾನ್ಯವಾಗಿ ವಾಪಸ್ ಸಿಗದು. ಕಪ್ಪಿಗೆ −1ರಿಂದ ಶುರು. ಈ ಎರಡು ಬಟ್ಟೆಗಳು ಕಲಿಸುವುದನ್ನು ಎಷ್ಟು ಪುಟ ಓದಿದರೂ ಕಲಿಯಲಾಗದು.

ಪಟ ಮಸುಕಾದಾಗ ಕಾರಣ ಹಿಡಿಯುವುದು

ಹೊಸಬರ ದೂರುಗಳಲ್ಲಿ ಹೆಚ್ಚಿನವು ಇದೇ. ಪಟವನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡಿ. ಇಡೀ ಪಟ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗೋಡೆ ಸ್ಪಷ್ಟವಾಗಿದ್ದು ನಡೆಯುವವರ ಕೈಕಾಲು ಮಾತ್ರ ಮಸುಕಾಗಿದ್ದರೆ ಷಟರ್ ಸ್ಪೀಡ್ ಸಾಲದು. ಮುಖ ಮಸುಕಾಗಿ ಹಿಂದಿನ ಪರದೆ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಸೆನ್ಸರ್ ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಓಡುವ ಮಗುವನ್ನು ನಿಲ್ಲಿಸಲಾರದು. ಅದಕ್ಕೇ ಆಟೋ ಐಎಸ್‌ಒ ಒಳಗೆ ಕನಿಷ್ಠ ಷಟರ್ ಸ್ಪೀಡ್ ಎಂಬ ಆಯ್ಕೆ ಇರುವುದು. ಕೂತು ಮಾತಾಡುವವರಿಗೆ 1/125, ಆಡುವ ಮಕ್ಕಳಿಗೆ 1/500 ಇಡಿ, ಗರಿಷ್ಠ ಐಎಸ್‌ಒ 6400 ಇರಲಿ. ಐಎಸ್‌ಒ ಏರಿ ಪಟದಲ್ಲಿ ಸ್ವಲ್ಪ ಕಾಳು (ನಾಯ್ಸ್) ಕಂಡರೆ ಎಡಿಟಿಂಗ್‌ನಲ್ಲಿ ಕಡಿಮೆ ಮಾಡಬಹುದು, ಅಲುಗಿದ ಮುಖವನ್ನು ಸರಿಮಾಡಲಾಗದು. ಐಎಸ್‌ಒಗೆ ಹೆದರಿ ಷಟರ್ ಸ್ಪೀಡ್ ಇಳಿಸುವುದು ತಪ್ಪು ಚೌಕಾಸಿ. ಟ್ರೈಪಾಡ್ ಮೇಲೆ ದೀರ್ಘ ಎಕ್ಸ್‌ಪೋಶರ್ ಇಡುವಾಗ ಸ್ಟೆಬಿಲೈಸೇಷನ್ ಆಫ್ ಮಾಡುವುದು ಒಳ್ಳೆಯದು.

ಫುಲ್‌ಫ್ರೇಮ್‌ನಲ್ಲಿ ಫೋಕಸ್ ತಪ್ಪುವುದು ಸುಲಭ. 85 ಮಿ.ಮೀ. ಲೆನ್ಸ್, ಎಫ್ 1.8, ಎದುರಿನವರು 2 ಮೀಟರ್ ದೂರದಲ್ಲಿ ಇದ್ದಾರೆ ಎಂದುಕೊಳ್ಳಿ. ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂ.ಮೀ. ಮಾತ್ರ. ಫೋಕಸ್ ಹಿಡಿದ ಮೇಲೆ ಅವರು ತುಸು ಮುಂದೆ ಬಾಗಿದರೂ ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗುತ್ತದೆ. ನಡುಬಿಂದುವಿನಲ್ಲಿ ಫೋಕಸ್ ಹಿಡಿದು ಕ್ಯಾಮೆರಾ ತಿರುಗಿಸುವ ಹಳೆಯ ರೂಢಿ ಇಲ್ಲಿ ಕೈಕೊಡುವುದೂ ಇದಕ್ಕೇ. ಜನರನ್ನು ತೆಗೆಯುವಾಗ ಸತತ ಫೋಕಸ್ ಬಳಸಿ (ಸೋನಿ, ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ), ಕಣ್ಣು ಗುರುತಿಸುವ ಆಯ್ಕೆಯೂ ಆನ್ ಇರಲಿ. ಗುಂಪಿನಲ್ಲಿ ಅದು ಬೇರೆಯವರ ಕಣ್ಣಿಗೆ ಹಾರಿದರೆ ಫೋಕಸ್ ಚೌಕವನ್ನು ಚಿಕ್ಕದು ಮಾಡಿ, ಜಾಯ್‌ಸ್ಟಿಕ್‌ನಿಂದ ಬೇಕಾದ ಮುಖದ ಮೇಲೆ ಇಡಿ. ಬೆಟ್ಟ, ಕಟ್ಟಡ, ಮೇಜಿನ ಮೇಲಿನ ವಸ್ತು ಇಂಥ ಅಲುಗಾಡದವಕ್ಕೆ ಒಂಟಿ ಬಿಂದು, ಒಂದು ಸಲದ ಫೋಕಸ್ ಸಾಕು.

ಹಿಂಬದಿಯ ಎಎಫ್-ಆನ್ ಬಟನ್‌ನಿಂದ ಫೋಕಸ್ ಮಾಡುವ ಪದ್ಧತಿಯನ್ನು ಬಹಳ ಜನ ಹೊಗಳುತ್ತಾರೆ. ಒಳ್ಳೆಯದೇ, ಆದರೆ ಮೊದಲ ತಿಂಗಳು ಬೇಡ. ಷಟರ್ ಬಟನ್ ಅರ್ಧ ಒತ್ತಿದಾಗ ಬೆರಳಿಗೆ ಸಿಗುವ ಆ ಸಣ್ಣ ತಡೆ ಮೊದಲು ರೂಢಿಯಾಗಲಿ. ಈ ಪದ್ಧತಿಗೆ ಹೋದ ಮೇಲೆ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಹೇಳಿ ಕೊಡಿ, ಅವರು ಷಟರ್ ಮಾತ್ರ ಒತ್ತುತ್ತಾರೆ, ಒಂದು ಪಟವೂ ಫೋಕಸ್ ಆಗಿರುವುದಿಲ್ಲ.

ಸದ್ದಿಲ್ಲದ ಷಟರ್‌ನ ತೊಡಕು

ಎಲೆಕ್ಟ್ರಾನಿಕ್ ಷಟರ್ ಸದ್ದು ಮಾಡುವುದಿಲ್ಲ, ಹಾಗೆಂದು ಅದನ್ನೇ ಕಾಯಂ ಮಾಡಬೇಡಿ. ಬಹುತೇಕ ಕ್ಯಾಮೆರಾಗಳ ಸೆನ್ಸರ್ ಪಟವನ್ನು ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ, ಆ ಅವಧಿಯಲ್ಲಿ ವೇಗವಾಗಿ ಸಾಗುವ ವಸ್ತು ಬಾಗಿದಂತೆ ಬರುತ್ತದೆ. ಎಲ್‌ಇಡಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಅಡ್ಡಪಟ್ಟೆಗಳು ಬೀಳಬಹುದು. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಹಾಗಾಗಿ ಷಟರ್ ಸ್ಪೀಡ್ 1/50 ಅಥವಾ 1/100 ಇಟ್ಟರೆ ಪಟ್ಟೆ ಸಾಮಾನ್ಯವಾಗಿ ಹೋಗುತ್ತದೆ. 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120ರ ಸಮೀಪ. ಉಳಿದಂತೆ ಮೆಕ್ಯಾನಿಕಲ್ ಷಟರ್ ಇರಲಿ.

ಪೂರ್ತಿ ಮ್ಯಾನುಯಲ್ ಮೋಡ್ ಇದೆಲ್ಲ ಕೈಗೆ ಹತ್ತಿದ ಮೇಲೆ. ಒಂದು ಡಯಲ್ ಅಪರ್ಚರ್‌ಗೆ, ಇನ್ನೊಂದು ಷಟರ್‌ಗೆ. ಒಂದನ್ನು ಮೂರು ಕ್ಲಿಕ್ ಕಡಿಮೆ ಮಾಡಿದರೆ ಇನ್ನೊಂದನ್ನು ಮೂರು ಕ್ಲಿಕ್ ಏರಿಸಿ ಬೆಳಕು ಸರಿದೂಗಿಸುವುದು, ಮೊದಲು ಎಣಿಸಲು ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ನಿಮ್ಮ ಹೊಂದಾಣಿಕೆ ಪಳಗಿದ ಮೇಲೆ ಅದನ್ನು ಮೋಡ್ ಡಯಲ್‌ನ ಸಿ1 ಅಥವಾ ಯು1ಕ್ಕೆ (ನಿಮ್ಮ ಹೊಂದಾಣಿಕೆ ಇಡುವ ಜಾಗ) ಉಳಿಸಿಕೊಳ್ಳಿ. ಹಲವು ಮಾಡೆಲ್‌ಗಳಲ್ಲಿ ಆ ಮೋಡ್‌ನಲ್ಲಿ ಆಮೇಲೆ ಮಾಡಿದ ಬದಲಾವಣೆ ಕ್ಯಾಮೆರಾ ಆಫ್ ಆದೊಡನೆ ಅಳಿಯುತ್ತದೆ, ಬೇಕಿದ್ದರೆ ಮತ್ತೆ ಉಳಿಸಬೇಕು. ಉಳಿದ ಮೋಡ್‌ಗಳಲ್ಲಿ ಇದಕ್ಕೆ ತದ್ವಿರುದ್ಧ: ನಿನ್ನೆ ಇಟ್ಟ −2 ಇವತ್ತೂ ಹಾಗೆಯೇ ಕೂತಿರುತ್ತದೆ. ಆದ್ದರಿಂದ ಸ್ವಿಚ್ ಆನ್ ಮಾಡಿದ ಕೂಡಲೇ, ಮೊದಲ ಪಟಕ್ಕೂ ಮುಂಚೆ, ಮೋಡ್, ಕಾಂಪೆನ್ಸೇಷನ್, ಐಎಸ್‌ಒ, ಫೋಕಸ್ ಬಗೆ ಈ ನಾಲ್ಕನ್ನೂ ಇದೇ ಅನುಕ್ರಮದಲ್ಲಿ ವ್ಯೂಫೈಂಡರ್‌ನಲ್ಲೇ ಓದಿಕೊಳ್ಳಿ.