ಬಾವಿ ಪಂಪಿನ ನೀರು ಹೆಚ್ಚಿಸಲು: ಮೋಟಾರು ಬದಲಿಸುವ ಮುನ್ನ ನೋಡಬೇಕಾದದ್ದು

ತೋಟಕ್ಕೆ ನೀರು ಸಾಲದಾದಾಗ 5 ಎಚ್‌ಪಿ ತೆಗೆದು 7.5 ಎಚ್‌ಪಿ ಹಾಕಿಸುವ ಮಾತು ಮೊದಲು ಬರುತ್ತದೆ. ತುಸು ತಡೆಯಿರಿ. ತೆರೆದ ಬಾವಿಯ ಮೊನೊಬ್ಲಾಕ್ ಪಂಪಿನಲ್ಲಿ (ಮೋಟಾರು, ಪಂಪು ಒಂದೇ ಮೈಯಾಗಿರುವುದು) ನೀರು ಕಡಿಮೆಯಾಗಲು ಎಷ್ಟೋ ಸಲ ಪೈಪೇ ಕಾರಣ. ಅದೇ ಸಣ್ಣ ಪೈಪಿಗೆ ದೊಡ್ಡ ಮೋಟಾರು ಕೂರಿಸಿದರೆ ಕರೆಂಟು ಹೆಚ್ಚು ಎಳೆಯುತ್ತದೆ, ನೀರು ಅಷ್ಟಕ್ಕಷ್ಟೆ.

ಮೊದಲು ಅಳೆಯಿರಿ. ಡೆಲಿವರಿ ಬಾಯಿಗೆ, ಅಂದರೆ ನೀರು ಹೊರಬೀಳುವ ಪೈಪಿನ ತುದಿಗೆ, 200 ಲೀಟರಿನ ಡ್ರಮ್ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. 40 ಸೆಕೆಂಡಾದರೆ ಸೆಕೆಂಡಿಗೆ 5 ಲೀಟರ್. ಅದರ ಜೊತೆಗೆ ಆಗಿನ ವೋಲ್ಟೇಜನ್ನೂ ಟಾಂಗ್ ಟೆಸ್ಟರಿನಲ್ಲಿ (ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರು) ಕಂಡ ಆಂಪಿಯರನ್ನೂ ಬರೆದಿಡಿ. ಮುಂದೆ ಒಂದೊಂದೇ ಬದಲಾವಣೆ ಮಾಡಿ, ಪ್ರತಿಸಲವೂ ಅಳೆಯಿರಿ. ಇಲ್ಲವಾದರೆ ಯಾವುದರಿಂದ ಲಾಭವಾಯಿತೆಂದೇ ತಿಳಿಯುವುದಿಲ್ಲ.

ಮೂರು ಫೇಸಿನ ಮೋಟಾರಾದರೆ ತಿರುಗುವ ದಿಕ್ಕು ನೋಡಿ. ಉಲ್ಟಾ ತಿರುಗಿದರೂ ಪಂಪು ಅಷ್ಟಿಷ್ಟು ನೀರು ಕೊಡುತ್ತದೆ, ಹಾಗಾಗಿ ಈ ತಪ್ಪು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಹುದು. ಪಂಪಿನ ಮೈಮೇಲಿನ ಬಾಣಕ್ಕೆ ಎದುರಾಗಿ ತಿರುಗುತ್ತಿದ್ದರೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಯಾವುದಾದರೂ ಎರಡು ಫೇಸ್ ತಂತಿಗಳನ್ನು ಅದಲುಬದಲು ಮಾಡಿ.

ಹೆಚ್ಚು ಗಮನ ಬೇಡುವುದು ಸಕ್ಷನ್ ಕಡೆ, ಅಂದರೆ ಬಾವಿಯಿಂದ ಪಂಪಿಗೆ ನೀರು ಎಳೆಯುವ ಕಡೆ. ಸಮುದ್ರಮಟ್ಟದಲ್ಲೂ ಗಾಳಿಯ ಒತ್ತಡ ನೀರನ್ನು 10.3 ಮೀಟರಿಗಿಂತ ಮೇಲೆತ್ತಲಾರದು. ಕೆಲಸದ ಲೆಕ್ಕದಲ್ಲಿ 6 ಮೀಟರೇ ಮಿತಿ ಎಂದುಕೊಳ್ಳಿ. ಬೇಸಿಗೆಯಲ್ಲಿ ಬಾವಿ ಇಳಿದಾಗ ಪಂಪನ್ನೂ ಕೆಳಗಿನ ಮೆಟ್ಟಿಲಿಗೆ ಇಳಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪಂಪಿನ ಸಕ್ಷನ್ ಬಾಯಿಗೆ ವ್ಯಾಕ್ಯೂಮ್ ಗೇಜ್ (ನಿರ್ವಾತ ಅಳೆಯುವ ಮೀಟರು) ಹಾಕಿದರೆ ರೋಗ ಬೇಗ ಸಿಗುತ್ತದೆ. ನೀರಿನಿಂದ ಪಂಪಿಗೆ 4 ಮೀಟರ್ ಎತ್ತರವಿದ್ದರೆ ಎತ್ತುವುದಕ್ಕೇ ಸುಮಾರು 300 ಮಿ.ಮೀ. ಪಾದರಸದಷ್ಟು ನಿರ್ವಾತ ಬೇಕು. ಮುಳ್ಳು 450 ತೋರಿಸಿದರೆ ಇನ್ನೆರಡು ಮೀಟರ್ ಎಲ್ಲೋ ಪೋಲಾಗುತ್ತಿದೆ: ನೀರಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನ ಜಾಲರಿಗೆ ಎಲೆ, ಪಾಚಿ ಕಟ್ಟಿದೆ, ಇಲ್ಲವೇ ಪೈಪು ಸಣ್ಣದು. 300ಕ್ಕಿಂತ ಕೆಳಗೇ ತೂಗಾಡುತ್ತಾ ನೀರು ಬಿಟ್ಟುಬಿಟ್ಟು ಬಂದರೆ ಗಾಳಿ ಸೇರುತ್ತಿದೆ. ಜಾಯಿಂಟಿಗೊಂದೊಂದರಂತೆ ಗಟ್ಟಿ ಗ್ರೀಸ್ ಮೆತ್ತುತ್ತಾ ಹೋಗಿ, ಎಲ್ಲಿ ಮೆತ್ತಿದಾಗ ಧಾರೆ ಸರಿಯಾಗುತ್ತದೋ ಸೋರಿಕೆ ಅಲ್ಲೇ. ಶಾಫ್ಟಿನ ಸುತ್ತ ಸೋರದಂತೆ ತುಂಬುವ ಗ್ಲ್ಯಾಂಡ್ ದಾರವಿರುವ ಪಂಪಾದರೆ ಅಲ್ಲಿಂದ ಸೆಕೆಂಡಿಗೊಂದು ಹನಿ ಬೀಳುತ್ತಿರಬೇಕು. ಪೂರ್ತಿ ಒಣಗಿದ್ದರೆ ಅಲ್ಲಿಂದಲೂ ಗಾಳಿ ಎಳೆದೀತು.

ಸಕ್ಷನ್ ಪೈಪು ಪಂಪಿನವರೆಗೂ ಏರುತ್ತಲೇ ಬರಬೇಕು. ನಡುವೆ ಗೂನು ಬಿದ್ದರೆ ಅಲ್ಲಿ ಗಾಳಿ ನಿಲ್ಲುತ್ತದೆ. ಪಂಪಿನ ಬಾಯಿಗಿಂತ ಒಂದು ಸೈಜ್ ದೊಡ್ಡ ಪೈಪು ಹಾಕಿ, ಆದರೆ ಆ ಪೈಪನ್ನು ಪಂಪಿನ ಬಾಯಿಗೆ ಕೂಡಿಸುವ, ಒಂದು ಬದಿ ಚಪ್ಪಟೆಯಾದ ರೆಡ್ಯೂಸರಿನ ಆ ಚಪ್ಪಟೆ ಬದಿ ಮೇಲಿರಲಿ.

ಡೆಲಿವರಿಗೆ ಬಂದರೆ, ಸೆಕೆಂಡಿಗೆ 5 ಲೀಟರ್ ಹರಿಯುವಾಗ 63 ಮಿ.ಮೀ. ಪಿವಿಸಿ ಪೈಪು ಪ್ರತಿ 100 ಮೀಟರಿಗೆ ಸುಮಾರು 5 ಮೀಟರ್ ಎತ್ತರದಷ್ಟು ಒತ್ತಡ ತಿನ್ನುತ್ತದೆ. 75 ಮಿ.ಮೀ. ಆದರೆ ಸುಮಾರು 2 ಮೀಟರ್ ಮಾತ್ರ. ತೋಟ 300 ಮೀಟರ್ ದೂರವಿದ್ದರೆ ಉಳಿತಾಯ 9 ಮೀಟರ್! ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. ತೊಟ್ಟಿಯ ಅಂಚಿಗಿಂತ ಎರಡು ಮೀಟರ್ ಮೇಲಿಂದ ನೀರು ಸುರಿಯುವಂತೆ ಪೈಪು ನಿಲ್ಲಿಸಿದ್ದರೆ ಇಳಿಸಿ, ಆ ಎತ್ತರ ಬರೀ ನಷ್ಟ.

ಇಷ್ಟಾದರೂ ನೀರು ಏರದಿದ್ದರೆ ಪಂಪು ಬಿಚ್ಚಿ. ಮರಳು ತಿಂದ ಇಂಪೆಲ್ಲರ್ (ನೀರು ತಳ್ಳುವ ಚಕ್ರ), ಅದರ ಸುತ್ತಲಿನ ಸವೆದ ವೇರಿಂಗ್ ರಿಂಗ್ ಸಿಗಬಹುದು. ಇವೆರಡರ ನಡುವಿನ ಸಂದು ಹೊಸದಿದ್ದಾಗಿನ ಎರಡರಷ್ಟಾಗಿದ್ದರೆ ರಿಂಗ್ ಬದಲಿಸಿ.

ಬೆಲ್ಟಿನ ಪಂಪಿನಲ್ಲಿ ಪುಲ್ಲಿ ಬದಲಿಸಿ ವೇಗ ಹೆಚ್ಚಿಸಲು ಬರುತ್ತದೆ, ಆದರೆ ಅದರ ಬೆಲೆ ದೊಡ್ಡದು. ಪಂಪಿನ 150 ಮಿ.ಮೀ. ಪುಲ್ಲಿಯ ಬದಲು 140 ಹಾಕಿದರೆ ವೇಗ 7% ಏರುತ್ತದೆ, ಮೋಟಾರಿನ ಹೊರೆ ಸುಮಾರು 23% ಏರುತ್ತದೆ.

ಯಾವ ದಾರಿಯಲ್ಲಿ ನೀರು ಹೆಚ್ಚಿಸಿದರೂ ಕೊನೆಗೊಮ್ಮೆ ಟಾಂಗ್ ಟೆಸ್ಟರ್ ಹಿಡಿಯಲೇಬೇಕು. ಪೈಪಿನ ತಡೆ ಇಳಿದು ನೀರು ಹೆಚ್ಚಿದಂತೆ ಈ ಪಂಪುಗಳು ಹೆಚ್ಚು ಕರೆಂಟು ಎಳೆಯುತ್ತವೆ. ಮೋಟಾರಿನ ಪ್ಲೇಟಿನಲ್ಲಿ ಬರೆದ ಆಂಪಿಯರ್ ದಾಟಿದರೆ ಡೆಲಿವರಿಯ ಗೇಟ್‌ವಾಲ್ವನ್ನು ಕರೆಂಟು ಆ ಅಂಕೆಗೆ ಇಳಿಯುವಷ್ಟು ಮುಚ್ಚಿ. ಸಕ್ಷನ್ ಕಡೆಯ ವಾಲ್ವನ್ನು ಮಾತ್ರ ಎಂದೂ ಅರೆಮುಚ್ಚಬೇಡಿ, ಇಂಪೆಲ್ಲರ್ ಗುಳಿಬಿದ್ದು ಹಾಳಾಗುತ್ತದೆ.