ಲಗ್ನಪತ್ರಿಕೆಯ ಹಿಂದೆ ಬರೆದ ಇತಿಹಾಸ

ಗದಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿ ಮಕ್ಕಳ ಕೈಲಿ ಇತಿಹಾಸದ ಪ್ರಬಂಧ ಬರೆಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಇದಕ್ಕ ಎಷ್ಟು ಮಾರ್ಕ್ಸ್ ಅದಾವ್ರಿ ಸರ?" ಈ ವರ್ಷ 40ರಲ್ಲಿ 31 ಮಕ್ಕಳು ಸ್ವಂತವಾಗಿ ಬರೆದರು. ಅವತ್ತು ಹಾಗೆ ಕೇಳಿದವರೇ ಈಗ ಮಕ್ಕಳು ಟಿಪ್ಪಣಿ ಬರೆದ ಲಗ್ನಪತ್ರಿಕೆಗಳ ಡಬ್ಬಿ ಒಯ್ದು ನೋಡುತ್ತಿದ್ದಾರೆ.

ಮೊದಲ ವರ್ಷ ಪೂರ್ತಿ ಸೋತೆ. "ಲಕ್ಕುಂಡಿಯ ಇತಿಹಾಸ ಬರೆಯಿರಿ" ಅಂದೆ. ಟೆಂಪೋ ಮಾಡಿ ಕರೆದುಕೊಂಡು ಹೋದೆ. ಸುಮಾರು 4,500 ರೂಪಾಯಿ, ನನ್ನದೇ ಜೇಬಿನಿಂದ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯ ಮುಂದೆ ಫೋಟೊ ತೆಗೆಸಿಕೊಂಡರು, ಮನೆಗೆ ಹೋಗಿ ಮೊಬೈಲ್ ನೋಡಿ ಬರೆದರು. "ನೂರೊಂದು ಗುಡಿ, ನೂರೊಂದು ಬಾವಿ" ಅನ್ನೋ ಮಾತು ಹೆಚ್ಚುಕಮ್ಮಿ ಎಲ್ಲರ ಹಾಳೆಯಲ್ಲೂ ಇತ್ತು. ಒಂದು ಬಾವಿಯನ್ನಾದರೂ ಇಳಿದು ನೋಡಿದವರು ಯಾರೂ ಇಲ್ಲ. ಎರಡನೇ ವರ್ಷ ವಿಷಯ ಅವರಿಗೇ ಬಿಟ್ಟೆ. ಅಂಗಡಿಯಲ್ಲಿ ಸಿಗುವ ರೆಡಿ ಪ್ರಾಜೆಕ್ಟ್‌ಗಳು ಬಂದವು. ಅದು ಇನ್ನೂ ಜಾಸ್ತಿ ಬೇಜಾರು.

ಆಮೇಲೆ ಹೊಳೆಯಿತು. ಊರು ಕೊಟ್ಟರೆ ಮಕ್ಕಳು ನಕಲು ಮಾಡುತ್ತಾರೆ, ತಕರಾರು ಕೊಟ್ಟರೆ ಹುಡುಕುತ್ತಾರೆ. ಮೂರನೇ ವರ್ಷ ನರಗುಂದ ತೆಗೆದುಕೊಂಡೆ. ಪ್ರಶ್ನೆ ಇಷ್ಟೇ: ಅಲ್ಲಿಯ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದಿದ್ದು ದತ್ತಕಕ್ಕಾಗಿಯೋ (ಮಗನನ್ನು ದತ್ತು ತೆಗೆದುಕೊಳ್ಳೋದಕ್ಕೆ), ಆಯುಧಕ್ಕಾಗಿಯೋ? ಬ್ರಿಟಿಷ್ ಸರ್ಕಾರದ ಜಿಲ್ಲಾ ಮಾಹಿತಿ ಗ್ರಂಥವಾದ 1884ರ ಧಾರವಾಡ ಗೆಜೆಟಿಯರ್‌ನ ಒಂದೂವರೆ ಪುಟವನ್ನು ನಾನೇ ಸರಳ ಕನ್ನಡಕ್ಕೆ ತಂದು ಜೆರಾಕ್ಸ್ ಮಾಡಿಸಿದೆ. ಪಕ್ಕದಲ್ಲಿ ಪಠ್ಯಪುಸ್ತಕ ಇಟ್ಟೆ. ಒಂದರಲ್ಲಿ ದಂಗೆ, ಇನ್ನೊಂದರಲ್ಲಿ ಹೋರಾಟ. ತರಗತಿ ಎರಡು ಪಕ್ಷವಾಯಿತು.

ಹಿಂದಿನ ಬೆಂಚಿನ ಒಬ್ಬ ಹುಡುಗಿ, ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ, ಎದ್ದು ನಿಂತು ಹೇಳಿದಳು: "ಸರ, ಬ್ರಿಟಿಷರು ದತ್ತಕ ಬ್ಯಾಡ ಅಂದಿದ್ದು ಮೊದಲ. ಅವರ ಅಧಿಕಾರಿ ಮ್ಯಾನ್ಸನ್‌ನ ಸುರೇಬಾನದಾಗ ಕೊಂದಿದ್ದು 1858ರ ಮೇ. ಹಂಗಾರ ಅಲ್ಲೀತನಕ ಯಾಕ ಸುಮ್ಮನಿದ್ದ?" ನಡುವೆ ಆಯುಧ ಒಪ್ಪಿಸುವ ಆಜ್ಞೆ ಬಂದಿತ್ತು ಅನ್ನೋದನ್ನು ಅವಳೇ ಹುಡುಕಿ, ತಾರೀಖುಗಳನ್ನು ಸಾಲಾಗಿ ಜೋಡಿಸಿ ನಾಲ್ಕು ಪುಟ ಬರೆದಳು. ಒಂದು ವಾಕ್ಯವೂ ಗೈಡಿನದಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟಿಪ್ಪಣಿಗೆ ನೋಟ್‌ಬುಕ್ ಬೇಡ. ಹಳೇ ಲಗ್ನಪತ್ರಿಕೆ ತರಿಸುತ್ತೇನೆ, ಹಿಂಬದಿ ಖಾಲಿ ಇರುತ್ತದೆ, ಕಾಗದವೂ ಗಟ್ಟಿ. ಒಂದು ಪತ್ರಿಕೆಗೆ ಒಂದೇ ಸಂಗತಿ, ಕೆಳಗೆ ಯಾರು ಹೇಳಿದ್ದು, ಯಾವ ಪುಟ. 25 ಪತ್ರಿಕೆ ಆಗುವ ತನಕ ಬರೆಯಲು ಬಿಡೋದಿಲ್ಲ. ಆಮೇಲೆ ನೆಲದ ಮೇಲೆ ಹರಡಿಸುತ್ತೇನೆ. ಯಾವ ಕ್ರಮದಲ್ಲಿ ಹರಡಿಸೋದು ಅನ್ನೋದರಲ್ಲಿ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬಿಚ್ಚಿಡೋದಿಲ್ಲ. ನಕಲು ಹಿಡಿಯಲು ಕೊನೆಗೆ ಕೇಳುವ ಮೂರು ಪ್ರಶ್ನೆಗಳೂ ನನ್ನ ಹತ್ತಿರವೇ ಇರಲಿ.

ಖರ್ಚು ಈಗ ವರ್ಷಕ್ಕೆ 1,200 ದಾಟೋದಿಲ್ಲ. ಹೆಚ್ಚಿನದು ಜೆರಾಕ್ಸ್‌ಗೆ. ಊರೂರು ತಿರುಗಲು ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಗಂಡುಮಕ್ಕಳ ಬಸ್ ಟಿಕೆಟ್ ನಾನು ಕೊಡುತ್ತೇನೆ.

ನಡುವೆ ವೀರಗಲ್ಲು ಓದಿಸೋಕೆ ಹೋಗಿ ಒಂದು ತಿಂಗಳು ಕಳೆದೆ. ಸವೆದ ಅಕ್ಷರದ ಮೇಲೆ ಹಿಟ್ಟು ಸವರುವವರಿದ್ದಾರೆ, ಅದು ಕಲ್ಲಿಗೆ ಕೇಡು. ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದರೆ ಅಕ್ಷರ ಎದ್ದು ಬರುತ್ತವೆ. ಆದರೆ ಹಳಗನ್ನಡ ಓದಲಾಗದೆ ಮಕ್ಕಳು ಸುಸ್ತಾದರು, ಬಿಟ್ಟೆ. ಅಜ್ಜಿಯರನ್ನು ಮಾತಾಡಿಸಿದ್ದು ಮಾತ್ರ ಗೆದ್ದಿತು. ಇಸವಿ ಕೇಳಿದರೆ ಹೇಳೋದಿಲ್ಲ. "ಎಪ್ಪತ್ತೆರಡರ ಬರದಾಗ ನಿನಗೆಷ್ಟು ವಯಸ್ಸು?" ಅಂತ ಕೇಳಿದರೆ ಎಲ್ಲಾ ನೆನಪಾಗುತ್ತದೆ.

ಹೋದ ತಿಂಗಳು ಒಬ್ಬ ಹುಡುಗ ಮನೆಯ ಪೆಟ್ಟಿಗೆಯಿಂದ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ) ಕಾಗದ ತಂದ. ನಮ್ಮದು ಮುಂಬೈ ಪ್ರಾಂತ್ಯದಲ್ಲಿದ್ದ ಸೀಮೆ, ಇಂಥವು ಮನೆಮನೆಯಲ್ಲಿವೆ. ಓದುವವರನ್ನು ಹುಡುಕಿಕೊಂಡು ಧಾರವಾಡಕ್ಕೆ ಎರಡು ಸಲ ಹೋಗಿ ಬಂದೆ, ಸಿಗಲಿಲ್ಲ. ಹುಡುಗ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ದಿನಾ ಕೇಳುತ್ತಾನೆ. ದಸರಾ ರಜೆಯಲ್ಲಿ ಅವನನ್ನೂ ಕರೆದುಕೊಂಡು ಹೋಗಬೇಕು.